ಪೇತ್ರನ ಅತ್ತೆ

ಫೆಬ್ರವರಿ ೪

ಅಳಿಯಂದಿರಿಗೆ,

ನಿಮ್ಮ ವಿಳಾಸ ಸಭೆಯ ಹಿರಿಯರಿಂದ ಸಿಕ್ಕಿತು. ಕೊಡಲು ಹಿಂದೆ ಮುಂದೆ ನೋಡಿದರು. “ಅಮ್ಮಾ, ಅವರನ್ನ ಸ್ವಲ್ಪ ದಿನ ಅವರ ಪಾಡಿಗೆ ಬಿಡೋಣ” ಎಂದರು. “ಬಿಡೋಣ, ಆದ್ರೆ ಎಲ್ಲಿ ಬಿಟ್ಟಿದ್ದೀವಿ ಅಂತಾದ್ರೂ ಗೊತ್ತಿರಬೇಕಲ್ಲ” ಎಂದೆ. ಕೊಟ್ಟರು.

ಬಯ್ಯಲು ಬರೆಯುತ್ತಿಲ್ಲ, ಗಾಬರಿಯಾಗಬೇಡಿ. ಮಗಳನ್ನು ಮಣ್ಣು ಮಾಡಿದ ವಾರವೇ ನೀವು ಸಭಾಪಾಲಕರ ಕೆಲಸ ಬಿಟ್ಟು, ಪಾದ್ರಿಮನೆಯ ಬೀಗದ ಕೈ ಹಿರಿಯರ ಕೈಗಿಟ್ಟು ಹೊರಟಿರಿ. ನನಗೂ ಎಲ್ಲಿಗಾದರೂ ಹೊರಟುಹೋಗಬೇಕು ಅನಿಸಿತ್ತು. ಹೊಲಿಗೆ ಯಂತ್ರ ಹೊತ್ತುಕೊಂಡು ಹೋಗಲು ಆಗುವುದಿಲ್ಲವಲ್ಲ, ಉಳಿದೆ. ನೀವೀಗ ಯಾವುದೋ ಸರೋವರದಲ್ಲಿ ಜನರನ್ನು ದಾಟಿಸುವ ಲಾಂಚಿನಲ್ಲಿ ಹಗ್ಗ ಎಸೆಯುವ, ಟಿಕೆಟ್ ಹರಿಯುವ ಕೆಲಸದಲ್ಲಿದ್ದೀರಂತೆ. ಕೇಳಿ ಆಶ್ಚರ್ಯವಾಯಿತು. ಸ್ನಾನಕ್ಕೆ ನೀರು ಜಾಸ್ತಿ ಇದ್ದರೂ ಹೆದರುವವರು ನೀವು ಎಂದು ಅವಳು ನಗುತ್ತಿದ್ದಳು.

ಬರೆದ ಕಾರಣ ಬೇರೆ. ಹೊಸ ಪಾದ್ರಿಗಳು ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಸ್ತ್ರೀಯರ ಕೂಟದಲ್ಲಿ ತಿಂಗಳಿಗೊಮ್ಮೆ ನಾನೇ ಮಾತಾಡಬೇಕಂತೆ. ಯಾಕೆಂದರೆ ನಾನು ಪಾದ್ರಿಯ ಅತ್ತೆ. “ಡಾಕ್ಟರ ಅತ್ತೆ ಹೋಗಿ ಇಂಜೆಕ್ಷನ್ ಚುಚ್ತಾಳೇನ್ರೇ?” ಎಂದು ಕೇಳಿದೆ. ಯಾರೂ ಜಗ್ಗಲಿಲ್ಲ. ವಿಷಯವನ್ನೂ ಅವರೇ ಆರಿಸಿದ್ದಾರೆ. ಬೇಕರಿಯಮ್ಮನ ಅಂಗಡಿಯಲ್ಲಿ ಬೈಬಲಿನ ಗಲಿಲಾಯದ ಒಂದು ಪಟ ಇದೆ, ದೋಣಿ, ಬಲೆ, ಹಿಂದೆ ಗುಡ್ಡ. “ಯೇಸು ಕರ್ತನು ದೇವಾಲಯಕ್ಕಿಂತ ಹೆಚ್ಚು ಈ ನೀರಿನ ಹತ್ತಿರಾನೇ ಇದ್ದ ಹಾಗಿದೆಯಲ್ಲ, ಯಾಕೆ ಅಂತ ತಿಳ್ಕೋಬೇಕು” ಎಂದಳು. ಎಲ್ಲರೂ ಹೂಂಗುಟ್ಟಿದರು.

ನನಗೆ ಬರುವುದು ಅಳತೆ ತೆಗೆಯುವುದು, ಕತ್ತರಿಸುವುದು. ಆದ್ದರಿಂದ ದಯವಿಟ್ಟು ಹೇಳಿ: ಅದು ಸಮುದ್ರವೋ, ಸರೋವರವೋ? ಬೈಬಲಿನಲ್ಲಿ ಒಂದು ಕಡೆ ಹೀಗಿದೆ, ಇನ್ನೊಂದು ಕಡೆ ಹಾಗಿದೆ.

ಹೊಟ್ಟೆಗೆ ಸರಿಯಾಗಿ ತಿನ್ನಿ.

ಅತ್ತೆ


ಫೆಬ್ರವರಿ ೧೯

ಪೂಜ್ಯ ಅತ್ತೆಯವರಿಗೆ,

ನಿಮ್ಮ ಕಾಗದ ತಲುಪಿತು. ನಾನು ಚೆನ್ನಾಗಿದ್ದೇನೆ.

ಅದು ಸಮುದ್ರವಲ್ಲ, ಸಿಹಿನೀರಿನ ಸರೋವರ. ಆ ಸೀಮೆಯ ಜನ ಅದನ್ನೇ ಸಮುದ್ರ ಎನ್ನುತ್ತಿದ್ದರು. ಸುವಾರ್ತೆ ಬರೆದವರಲ್ಲಿ ಲೂಕನೊಬ್ಬ ಮಾತ್ರ ಸರೋವರ ಎನ್ನುತ್ತಾನೆ. ಅವನು ಹೊರಗಿನವನು, ನಿಜವಾದ ಸಮುದ್ರ ಕಂಡವನು. ಗಲಿಲಾಯ, ಗೆನೆಜರೇತ್, ತಿಬೇರಿಯ, ಮೂರೂ ಒಂದೇ ನೀರಿನ ಹೆಸರು. ಯೊರ್ದನ್ ಹೊಳೆ ಉತ್ತರದಿಂದ ಅದರೊಳಗೆ ಬಂದು ದಕ್ಷಿಣದಿಂದ ಹೊರಟುಹೋಗುತ್ತದೆ. ಸುತ್ತ ಗುಡ್ಡ, ನೀರು ತಗ್ಗಿನಲ್ಲಿ. ಆದ್ದರಿಂದ ಗಾಳಿ ಹೇಳದೆ ಕೇಳದೆ ಇಳಿಯುತ್ತದೆ.

ಈಚೆ ದಡದಲ್ಲಿ ಯೇಸುವಿನ ಸ್ವಜನರ ಊರುಗಳು. ಆಚೆ ದಡದಲ್ಲಿ ಅನ್ಯರು, ಹಂದಿ ಸಾಕುವವರು. “ಆಚೆ ದಡಕ್ಕೆ ಹೋಗೋಣ” ಎಂದು ಅವನು ಹೇಳಿದಾಗ ಶಿಷ್ಯರಿಗೆ ಅದು ಬರೀ ದೋಣಿ ದಾಟುವ ಮಾತಾಗಿರಲಿಲ್ಲ.

ಇಷ್ಟು ನೆನಪಿನಿಂದ ಬರೆದಿದ್ದೇನೆ. ಪುಸ್ತಕಗಳೆಲ್ಲ ಪಾದ್ರಿಮನೆಯ ಕಪಾಟಿನಲ್ಲೇ ಇವೆ, ಬೇಕಾದ್ದನ್ನು ತೆಗೆದುಕೊಳ್ಳಿ. ನನಗೆ ಸದ್ಯಕ್ಕೆ ಅವು ಬೇಕಿಲ್ಲ.

ವಂದನೆಗಳು.

ಅಳಿಯ


ಮಾರ್ಚ್ ೭

ಅಳಿಯಂದಿರಿಗೆ,

ಮೊದಲ ಕೂಟ ಮುಗಿಯಿತು. ನಿಮ್ಮ ಕಾಗದವನ್ನೇ ಮುಂದಿಟ್ಟುಕೊಂಡು ಮಾತಾಡಿದೆ. ಲೂಕನ ವಿಷಯ ಹೇಳಿದ್ದಕ್ಕೆ “ಭಾರೀ ಓದಿದ್ದೀರಿ” ಎಂದರು. ನಾನೂ ಸುಮ್ಮನಿದ್ದುಬಿಟ್ಟೆ.

ದಡದ ಒಂದೊಂದೇ ಊರಿಗೆ ಹೋಗೋಣ ಎಂದುಕೊಂಡು ಕಪೆರ್ನೌಮಿನಿಂದ ಶುರು ಮಾಡಿದೆ. ಅಲ್ಲಿ ಪೇತ್ರನ ಮನೆ. ಆ ಮನೆಯಲ್ಲಿ ಅವನ ಅತ್ತೆ ಜ್ವರ ಬಂದು ಮಲಗಿದ್ದಾಳೆ. ಇಷ್ಟು ವರ್ಷ ಓದಿದ್ದೇನೆ, ಆದರೆ ಈ ಸಲ ಅವಳು ನನ್ನನ್ನು ಹಿಡಿದು ನಿಲ್ಲಿಸಿಬಿಟ್ಟಳು. ಯೇಸು ಕೈ ಹಿಡಿದು ಎಬ್ಬಿಸಿದ, ಜ್ವರ ಬಿಟ್ಟಿತು, ಎದ್ದವಳೇ ಎಲ್ಲರಿಗೂ ಊಟ ಬಡಿಸಿದಳಂತೆ. “ಒಂದು ದಿನ ಮಲಗೋಕೆ ಬಿಡಬಾರದಿತ್ತಾ ಪುಣ್ಯಾತ್ಮರು?” ಎಂದು ಬೇಕರಿಯಮ್ಮ ಕೇಳಿದಳು. ಕೂಟಕ್ಕೆ ಕೂಟವೇ ನಕ್ಕಿತು. ನಾನೂ ನಕ್ಕೆ.

ಮನೆಗೆ ಬಂದು ಮತ್ತೆ ಓದಿದೆ. ಅಳಿಯ ಇದ್ದಾನೆ. ಅಳಿಯನ ತಮ್ಮ ಇದ್ದಾನೆ. ಅತ್ತೆ ಇದ್ದಾಳೆ. ಬೀದಿಯ ಜನವೆಲ್ಲ ಬಾಗಿಲಲ್ಲಿದ್ದಾರೆ. ಇವರಿಬ್ಬರನ್ನೂ ನಂಟರನ್ನಾಗಿ ಮಾಡಿದ ಆ ಹುಡುಗಿ ಎಲ್ಲಿ? ಒಂದು ಮಾತೂ ಇಲ್ಲ. ಅವಳು ಅಷ್ಟರಲ್ಲೇ ತೀರಿಕೊಂಡಿದ್ದಳೇ?

ಹಾಗಿದ್ದರೆ ಆ ಮುದುಕಿ ಅಳಿಯನ ಮನೆಯಲ್ಲೇ ಉಳಿದಿದ್ದಳು ಅಂತಾಯಿತು. ಅವನೂ ಉಳಿಸಿಕೊಂಡಿದ್ದ.

ಉತ್ತರ ಬರೆಯಲೇಬೇಕೆಂದಿಲ್ಲ. ಬಿಡುವಾದರೆ ಬರೆಯಿರಿ.

ಅತ್ತೆ


ಮಾರ್ಚ್ ೩೦

ಪೂಜ್ಯ ಅತ್ತೆಯವರಿಗೆ,

ಪೇತ್ರನ ಹೆಂಡತಿ ತೀರಿಕೊಂಡಿರಲಿಲ್ಲ. ಬಹಳ ವರ್ಷಗಳ ಮೇಲೆ ಪೌಲ ಒಂದು ಸಭೆಗೆ ಬರೆಯುವಾಗ ಪೇತ್ರ ತನ್ನ ಹೆಂಡತಿಯನ್ನು ಜೊತೆಗೇ ಕರೆದುಕೊಂಡು ತಿರುಗಾಡುವ ಮಾತು ಬರುತ್ತದೆ. ಒಂದೇ ಸಾಲು, ಸಿಟ್ಟಿನಲ್ಲಿ ಹೇಳಿದ್ದು. ಆದರೆ ಅದರಿಂದ ತಿಳಿಯುತ್ತದೆ, ಅವಳು ಬದುಕಿದ್ದಳು, ಗಂಡನ ಜೊತೆ ಊರೂರು ಹೋಗುತ್ತಿದ್ದಳು. ನಿಮಗೆ ಇದನ್ನು ತಿಳಿಸದಿದ್ದರೆ ತಪ್ಪಾಗುತ್ತಿತ್ತು.

ನಿಮ್ಮ ಮಗಳೂ ನನ್ನ ಜೊತೆ ಹಾಗೆಯೇ ಬಂದಳು, ನೀವು ಬಲ್ಲಿರಿ. ಮಣ್ಣಿನ ರಸ್ತೆ, ಸೋರುವ ಬಸ್ಸು, ನಾಲ್ಕು ಮನೆಯ ಸಭೆ, ಎಲ್ಲಕ್ಕೂ. ನನ್ನ ಬೋಧನೆ ಉದ್ದವಾದರೆ ಮೂರನೇ ಸಾಲಿನಲ್ಲಿ ಕೂತು ಕನ್ನಡಕ ತೆಗೆದು ಒರೆಸುತ್ತಿದ್ದಳು. ಅದು ನಮ್ಮಿಬ್ಬರ ಗುರುತು. ಸಭೆಯವರಿಗೆ ಯಾರಿಗೂ ಗೊತ್ತಿರಲಿಲ್ಲ.

ನನ್ನ ಕೋಣೆ ಲಾಂಚು ಕಟ್ಟುವ ಕಟ್ಟೆಯ ಮೇಲುಗಡೆ ಇದೆ. ಕೆಳಗೆ ಡೀಸೆಲ್ ಡಬ್ಬಗಳು, ಪಕ್ಕದಲ್ಲಿ ಚಹಾ ಕೊಡುವ ಗೂಡಂಗಡಿ. ಲಾಂಚು ನಡೆಸುವವನನ್ನು ಎಲ್ಲರೂ ಗೊಣಗಪ್ಪ ಎನ್ನುತ್ತಾರೆ. ಬಿಸಿಲಿದ್ದರೆ ಬಿಸಿಲಿಗೆ ಗೊಣಗುತ್ತಾನೆ, ಮೋಡವಿದ್ದರೆ ಮೋಡಕ್ಕೆ. ನಾನು ಮೊದಲು ಏನಾಗಿದ್ದೆ ಎಂದು ಅವನು ಕೇಳಿಲ್ಲ. ಆ ಉಪಕಾರವನ್ನು ಮರೆಯಲಾರೆ.

ಒಂದು ವಿಷಯ ಇಲ್ಲಿಗೆ ಬಂದ ಮೇಲೆ ಅರ್ಥವಾಯಿತು, ನಿಮ್ಮ ಕೂಟಕ್ಕೆ ಉಪಯೋಗವಾಗಬಹುದು. ಜನ ಮೇಲೆ ಮುತ್ತಿಕೊಂಡಾಗ ಯೇಸು ದೋಣಿ ಹತ್ತಿ, ದಡದಿಂದ ಸ್ವಲ್ಪ ದೂರ ತಳ್ಳಿಸಿಕೊಂಡು, ಅಲ್ಲಿಂದ ಕೂತು ಮಾತಾಡಿದ. ಬೆಳಗಿನ ಹೊತ್ತು ನೀರು ಸುಮ್ಮನಿದ್ದಾಗ ಲಾಂಚಿನಲ್ಲಿ ಮೆಲ್ಲಗೆ ಆಡಿದ ಮಾತೂ ದಡಕ್ಕೆ ಕೇಳುತ್ತದೆ. ಕೂಗಬೇಕಾಗಿಲ್ಲ. ನಾನು ಇಷ್ಟು ವರ್ಷ ಅಷ್ಟೊಂದು ಕೂಗಿ ಯಾಕೆ ಮಾತಾಡಿದೆನೋ.

ನಿಮ್ಮ ಮೊಣಕಾಲು ನೋವು ಹೇಗಿದೆ?

ಅಳಿಯ


ಮೇ ೫

ಅಳಿಯಂದಿರಿಗೆ,

ಕನ್ನಡಕದ ವಿಷಯ ಓದಿ ತುಂಬಾ ಹೊತ್ತು ಯಂತ್ರ ತುಳಿಯಲಾಗಲಿಲ್ಲ. ಅವಳ ಕಣ್ಣಿಗೆ ಧೂಳು ಆಗುವುದಿಲ್ಲ ಎಂದುಕೊಂಡಿದ್ದೆ ನಾನು! ಕಳ್ಳರು ನೀವು, ಇಬ್ಬರೂ.

ಮೊಣಕಾಲು ಇದೆ. ಅದರ ಕೆಲಸ ಅದು ಮಾಡುತ್ತಿದೆ.

ಈ ಸಲ ಬಿರುಗಾಳಿಯ ಕಥೆ ತೆಗೆದುಕೊಂಡೆ. ದೋಣಿ ತುಂಬಿ ಮುಳುಗುವ ಹಾಗಾಗಿದೆ, ಯೇಸು ಹಿಂದುಗಡೆ ದಿಂಬಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಾನೆ. ನನ್ನ ಕಣ್ಣು ಹೋಗಿದ್ದು ದಿಂಬಿಗೆ. ಮೀನಿನ ದೋಣಿಯಲ್ಲಿ ದಿಂಬಿಗೇನು ಕೆಲಸ? ಯಾರೋ ಹೆಂಗಸು ಹೊಲಿದು, ತುಂಬಿ, “ಇಟ್ಕೊಳ್ಳಿ, ಸುಸ್ತಾಗಿದ್ದೀರಿ” ಅಂತ ಕೊಟ್ಟಿದ್ದಾಳೆ. ಪೇತ್ರನ ಅತ್ತೆಯೇ ಇರಬೇಕು ಎಂದೆ. ಪುಸ್ತಕದಲ್ಲಿ ಇಲ್ಲ ಎಂದರು. ದಿಂಬು ತಾನಾಗಿ ಬರುತ್ತದೆಯೇ ಎಂದೆ.

ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ನರ್ಸಮ್ಮ ಎದ್ದು ನಿಂತರು. ಆಸ್ಪತ್ರೆಯಲ್ಲಿ ಅವಳನ್ನು ನೋಡಿಕೊಂಡವರು, ನಿಮಗೆ ನೆನಪಿರುತ್ತದೆ. “ಯೇಸು ಎದ್ದು ಗದರಿಸಿದ, ಅವರಿಗೆ ಗಾಳಿ ನಿಂತಿತು. ನಿಲ್ಲದವರ ಕಥೆ ಏನು?” ಎಂದು ಕೇಳಿದರು. ವಾದಕ್ಕೆ ಕೇಳಿದ್ದಲ್ಲ. ಅವರ ಕಣ್ಣು ನನ್ನ ಮೇಲೇ ಇತ್ತು.

ಆ ವಾರ್ಡಿನಲ್ಲಿ ನೀವು ಅವಳಿಗೆ ಹೇಳುತ್ತಿದ್ದುದು ಇದೇ ಕಥೆ. ಪ್ರತಿ ಸಂಜೆ ಅದನ್ನೇ ಕೇಳುತ್ತಿದ್ದಳು. ನಾನು ಕಿಟಕಿಯ ಹತ್ತಿರ ಕೂತಿರುತ್ತಿದ್ದೆ.

ನರ್ಸಮ್ಮನಿಗೆ ನನಗೂ ಗೊತ್ತಿಲ್ಲ ಎಂದೆ. ಹಾಡು ಹಾಡಿ ಕೂಟ ಮುಗಿಸಿದೆವು. ನಿಮಗೆ ಗೊತ್ತಿದ್ದರೆ ಬರೆಯಿರಿ.

ಅತ್ತೆ


ಜೂನ್ ೨೬

ಅಳಿಯಂದಿರಿಗೆ,

ನಿಮ್ಮಿಂದ ಕಾಗದವಿಲ್ಲ. ನಾನು ಹಾಗೆ ಬರೆಯಬಾರದಿತ್ತೇನೋ. ಬರೆದಾಯಿತು.

ಹೊಸ ಪಾದ್ರಿಗಳು ಬರುವುದು ಖಚಿತವಾಗಿದೆ, ಪಾದ್ರಿಮನೆ ಖಾಲಿ ಮಾಡಿಕೊಡಬೇಕಾಯಿತು. ನಾನೂ ಬೇಕರಿಯಮ್ಮನೂ ಸೇರಿ ಸಾಮಾನು ಕಟ್ಟಿದೆವು. ನಿಮ್ಮ ಪುಸ್ತಕಗಳು ನನ್ನ ಮನೆಯ ಮೇಲಟ್ಟದಲ್ಲಿವೆ. ಅವಳ ಬಟ್ಟೆಗಳನ್ನು ಯಾರಿಗೂ ಕೊಟ್ಟಿಲ್ಲ. ನಿಮ್ಮನ್ನು ಕೇಳದೆ ಕೊಡುವುದಿಲ್ಲ.

ಕೂಟದಲ್ಲಿ ಈ ಸಲ ಆಚೆ ದಡಕ್ಕೆ ಹೋದೆವು. ಗೋರಿಗಳ ನಡುವೆ ವಾಸವಾಗಿದ್ದ ಆ ಮನುಷ್ಯನ ಕಥೆ. ಕಲ್ಲಿನಿಂದ ಮೈ ಕೊಯ್ದುಕೊಳ್ಳುತ್ತಿದ್ದವನು. ಯೇಸು ಅವನಿಗೆ ಹಿಡಿದಿದ್ದ ದೆವ್ವ ಬಿಡಿಸಿದ, ಜನ ಬಂದು ನೋಡುವಾಗ ಬಟ್ಟೆ ತೊಟ್ಟು, ಸ್ವಸ್ಥನಾಗಿ ಕೂತಿದ್ದ. ಬಟ್ಟೆ ಯಾರು ಕೊಟ್ಟರೋ! ನೋಡಿ, ಸುತ್ತಿ ಬಳಸಿ ನನ್ನ ಹೊಲಿಗೆಗೇ ಬಂದೆ. ಅವನು “ನನ್ನನ್ನೂ ದೋಣಿಗೆ ಹತ್ತಿಸಿಕೊಳ್ಳಿ” ಎಂದು ಅಂಗಲಾಚಿದ. ಮೀನು ಹಿಡಿಯುವವರನ್ನೆಲ್ಲ “ಬಾ” ಎಂದು ಕರೆದವನು ಇವನೊಬ್ಬನಿಗೆ “ಬೇಡ, ಮನೆಗೆ ಹೋಗು, ನಿನ್ನವರ ಹತ್ತಿರ ಹೋಗು” ಎಂದ. ಇದು ನನಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದೇ ಹೇಳಿದೆ.

ದೊಡ್ಡ ಕಾಗದ ಬೇಡ. ಇದ್ದೀರಿ ಎಂದು ಒಂದು ಸಾಲು ಬರೆಯಿರಿ.

ಅತ್ತೆ


ಜುಲೈ ೧೦

ಅತ್ತೆ,

ಇದ್ದೇನೆ. ಈ ಕಾಗದವನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊಳ್ಳಿ. ಬಲಗೈಗೆ ಪಟ್ಟಿ ಕಟ್ಟಿದ್ದಾರೆ. ಹೆದರಬೇಡಿ, ಮೊದಲಿಂದ ಹೇಳುತ್ತೇನೆ.

ಕಳೆದ ವಾರ ಮಧ್ಯಾಹ್ನ ಲಾಂಚು ತುಂಬ ಜನರಿದ್ದರು, ನಾಲ್ಕೈದು ಬೈಕು, ತರಕಾರಿ ಬುಟ್ಟಿಗಳು. ನಡುನೀರಿಗೆ ಬಂದಾಗ ಗಾಳಿ ಇಳಿಯಿತು. ನಾನು ನಿಮಗೆ ಬರೆದಿದ್ದೆನಲ್ಲ, ಹೇಳದೆ ಕೇಳದೆ ಎಂದು. ಬರೆಯುವುದು ಸುಲಭ. ನೀರು ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಯಿಂದ ಇಳಿಯತೊಡಗಿತು. ಎಂಜಿನ್ ಕೆಮ್ಮಿ ನಿಂತಿತು. ಬೈಕುಗಳು ಉರುಳಿದವು, ಹೆಂಗಸರು ಮಕ್ಕಳನ್ನು ತಬ್ಬಿಕೊಂಡು ಕೂತುಬಿಟ್ಟರು. ಯಾರೋ “ಯಾರಾದ್ರೂ ಪ್ರಾರ್ಥನೆ ಮಾಡ್ರಪ್ಪಾ!” ಎಂದು ಕಿರುಚಿದರು. ನನಗೆ ಮಾತು ಗೊತ್ತಿತ್ತು, ಅತ್ತೆ. ಎಷ್ಟೋ ಹಾಸಿಗೆಗಳ ಪಕ್ಕದಲ್ಲಿ ಹೇಳಿದ ಮಾತು. ಬಾಯಿ ತೆರೆಯಲಿಲ್ಲ. ಲೈಫ್ ಜಾಕೆಟ್ಟುಗಳನ್ನು ಹಂಚುತ್ತಾ, ಮಕ್ಕಳಿಗೆ ಕಟ್ಟುತ್ತಾ ಓಡಾಡಿದೆ. ಅಷ್ಟರಲ್ಲಿ ಒಂದು ಅಲೆ ನನ್ನನ್ನು ಕಂಬಿಯ ಆಚೆಗೆ ಎಸೆಯಿತು.

ಕೈಗೆ ಹಗ್ಗ ಸಿಕ್ಕಿತ್ತು. ಅದರಲ್ಲಿ ನೇತಾಡುತ್ತಿದ್ದೆ. ಕೆಳಗೆ ನೀರು.

ಇಲ್ಲಿಗೆ ಬಂದಾಗಿನಿಂದ ನನ್ನ ಮನಸ್ಸಿನಲ್ಲಿ ಒಂದು ಯೋಚನೆ ಇತ್ತು. ನಾನಾಗಿ ಏನೂ ಮಾಡಿಕೊಳ್ಳುವುದಿಲ್ಲ. ಆದರೆ ಈ ನೀರೇ ಒಂದು ದಿನ ಕರೆದರೆ ಬೇಡ ಎನ್ನುವುದಿಲ್ಲ. ಅದಕ್ಕೇ ನೀರಿಗೆ ಹೆದರುವ ನಾನು ಈ ಕೆಲಸಕ್ಕೆ ಸೇರಿದ್ದೆನೋ ಏನೋ. ಅವತ್ತು ನೀರು ಕರೆಯಿತು. ನಾನು ಎರಡೂ ಕೈಯಲ್ಲಿ ಹಗ್ಗ ಹಿಡಿದುಕೊಂಡೆ. ಬಲ ಅಂಗೈ ಹರಿದು ರಕ್ತ ಬಂದರೂ ಬಿಡಲಿಲ್ಲ. ನನ್ನ ಕೈಗಳು ನನ್ನನ್ನು ಕೇಳಲೇ ಇಲ್ಲ.

ಗೊಣಗಪ್ಪ ನನ್ನ ಅಂಗಿಯ ಕಾಲರ್ ಹಿಡಿದು ಒಳಗೆಳೆದುಕೊಂಡ. “ಹಗ್ಗ ಎಸೆಯೋನೇ ಹಗ್ಗಕ್ಕೆ ಜೋತುಬಿದ್ರೆ ದೋಣಿ ಕಟ್ಟೋರು ಯಾರು?” ಎಂದು ಗೊಣಗಿದ. ಎಂಜಿನ್ ಮತ್ತೆ ಹತ್ತಿತು. ಆಚೆ ದಡ ಸೇರಿದೆವು, ಯಾರಿಗೂ ಏನೂ ಆಗಲಿಲ್ಲ. ಎಲ್ಲರೂ ಇಳಿದು ಹೋದ ಮೇಲೆ ಮರಳಿನ ಮೇಲೆ ಕೂತು ಅತ್ತುಬಿಟ್ಟೆ. ಅವಳನ್ನು ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ.

ಅವಳಿಲ್ಲದ ಲೋಕದಲ್ಲಿ ಇರಬೇಕೆಂದು ನಾನು ಅಷ್ಟು ಬಿಗಿಯಾಗಿ ಹಿಡಿದೆ. ಅವಳ ತಾಯಿಯಾದ ನಿಮ್ಮ ಎದುರು ಇದನ್ನು ಮುಚ್ಚಿಡಲು ಮನಸ್ಸು ಬರಲಿಲ್ಲ. ಕ್ಷಮಿಸುವುದಾದರೆ ಕ್ಷಮಿಸಿ.

ಅಳಿಯ


ಜುಲೈ ೧೬

ಹುಚ್ಚಪ್ಪಾ,

ಅಳಿಯಂದಿರಿಗೆ ಎಂದು ಬರೆಯಲು ಹೊರಟೆ, ಕೈ ಓಡಲಿಲ್ಲ. ಈ ಒಂದು ಕಾಗದದಲ್ಲಿ ನೀನು ಎನ್ನುತ್ತೇನೆ. ಬೇಡವಾದರೆ ಮುಂದಿನದರಲ್ಲಿ ತಿದ್ದಿಕೊಳ್ಳುತ್ತೇನೆ.

ನೀನು ಹಗ್ಗ ಹಿಡಿದದ್ದಕ್ಕೆ ನನ್ನ ಕ್ಷಮೆ ಬೇಕೇ? ಬಿಟ್ಟಿದ್ದರೆ ಕ್ಷಮಿಸುತ್ತಿರಲಿಲ್ಲ. ಒಂದು ವರ್ಷದಲ್ಲಿ ಎರಡು ಸಲ ಮಣ್ಣಿಗೆ ಹೋಗುವ ಶಕ್ತಿ ನನ್ನ ಮೊಣಕಾಲಿಗೆ ಇಲ್ಲ.

ನೀರಿನ ಮೇಲೆ ನಡೆಯಲು ಹೋದ ಪೇತ್ರ ಮುಳುಗುವಾಗ ಏನೆಂದ? ಉದ್ದದ ಪ್ರಾರ್ಥನೆ ಮಾಡಿದನೇ? “ಕಾಪಾಡು” ಎಂದ, ಅಷ್ಟೇ. ನಿನ್ನ ಬಾಯಿ ಹೇಳಲಿಲ್ಲ, ಕೈ ಹೇಳಿತು. ಕೇಳಬೇಕಾದವನಿಗೆ ಕೇಳಿಸಿದೆ. ನಾನು ದೇವರ ಶಾಸ್ತ್ರ ಓದಿದವಳಲ್ಲ, ತಪ್ಪಿದ್ದರೆ ನೀನೇ ಸರಿಮಾಡು.

ಮುಂದಿನ ತಿಂಗಳು ಹೊಲಿಗೆ ಕಡಿಮೆ. ನಾನು ಬರುತ್ತೇನೆ. ಬೇಡ ಎಂದು ಬರೆಯಲು ಎಡಗೈಗೆ ಶ್ರಮ ಕೊಡಬೇಡ, ಆ ಕಾಗದ ತಲುಪುವುದರೊಳಗೆ ನಾನು ಬಸ್ಸು ಹತ್ತಿರುತ್ತೇನೆ.

ಅತ್ತೆ


ಆಗಸ್ಟ್ ೨೮

ಮಗೂ,

ಸುಖವಾಗಿ ಊರಿಗೆ ಬಂದು ಮುಟ್ಟಿದೆ. “ನೀನು” ಎನ್ನುವುದನ್ನು ತಿದ್ದಬೇಡಿ ಎಂದೆಯಲ್ಲ, ತಿದ್ದುವುದಿಲ್ಲ.

ಬಂದಾಗಿನಿಂದ ಎಲ್ಲರೂ ಕೇಳುತ್ತಾರೆ, ಸರೋವರ ಹೇಗಿತ್ತು ಎಂದು. ಹೇಗೆಂದು ಹೇಳಲಿ? ಲಾಂಚಿನಲ್ಲಿ ಅರ್ಧ ದಾರಿ ಕಣ್ಣು ಮುಚ್ಚಿಕೊಂಡು ಕಂಬ ಹಿಡಿದುಕೊಂಡಿದ್ದೆ. ಗೊಣಗಪ್ಪ ನನ್ನನ್ನು ನೋಡಿ “ಈ ಅಮ್ಮ ಕಂಬ ಕಿತ್ತುಕೊಂಡೇ ಇಳೀತಾರೆ” ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಆಮೇಲೆ ನೀನು ಅವಳ ಹೆಸರು ಹೇಳಿದೆ. “ಅವಳು” ಎನ್ನಲಿಲ್ಲ, ಹೆಸರು ಹಿಡಿದು ಹೇಳಿದೆ. ಇದ್ದಿದ್ದರೆ ಇಷ್ಟು ಹೊತ್ತಿಗೆ ಲಾಂಚಿನವರನ್ನೆಲ್ಲ ನೆಂಟರು ಮಾಡಿಕೊಂಡಿರುತ್ತಿದ್ದಳು ಎಂದೆ. ನಾನು ಕಣ್ಣು ತೆರೆದೆ. ನೀರು ಎಷ್ಟು ದೊಡ್ಡದಿತ್ತು! ಆ ಹೆಸರನ್ನು ನಾನೂ ಅಷ್ಟು ದಿನ ಬಾಯಿಗೆ ತಂದಿರಲಿಲ್ಲ ಎಂದು ಆಗ ಗೊತ್ತಾಯಿತು. ನಿನಗೆ ನೋವಾಗುತ್ತದೆ ಎಂದು ನಾನು, ನನಗೆ ನೋವಾಗುತ್ತದೆ ಎಂದು ನೀನು. ಒಳ್ಳೆಯ ಜೋಡಿ.

ಆಚೆ ದಡದ ಆ ತಗಡಿನ ಮಾಡಿನ ಪ್ರಾರ್ಥನೆಯ ಮನೆ ಮನಸ್ಸಿನಿಂದ ಹೋಗುತ್ತಿಲ್ಲ. ಪಾದ್ರಿಯಿಲ್ಲದ ಸಭೆ. ಬಾಗಿಲು ತೆಗೆದ ಮುದುಕ ನಿನ್ನ ಮಾತಿನ ಧಾಟಿ ಕೇಳಿ “ನೀವು ಬೋಧಿಸೋರಾ?” ಎಂದ. “ಹಿಂದೆ” ಎಂದೆ ನೀನು. “ಭಾನುವಾರ ಬರ್ತೀರಾ?” ಎಂದಾಗ ನೀನು ನೀರಿನ ಕಡೆ ನೋಡಿದೆ. ನಾನು ನಡುವೆ ಬಾಯಿ ಹಾಕಲಿಲ್ಲ. ಎಷ್ಟು ಕಷ್ಟವಾಯಿತು ಅಂತ ದೇವರಿಗೆ ಗೊತ್ತು.

ಇಲ್ಲಿ ಹೊಸ ಪಾದ್ರಿಗಳು ಬಂದರು. ಚಿಕ್ಕ ವಯಸ್ಸು, ಗಂಟಲು ಜೋರು. ಸ್ತ್ರೀಯರ ಕೂಟ ಮಾತ್ರ ನಾನೇ ನಡೆಸಬೇಕಂತೆ.

ಅವಳ ಬಟ್ಟೆಗಳನ್ನು ನೀನು ಹೇಳಿದ ಹಾಗೆ ನರ್ಸಮ್ಮನ ಮೂಲಕ ಆಸ್ಪತ್ರೆಗೆ ಕೊಟ್ಟೆ. ಕೊಡುವ ಮೊದಲು ಬಿಚ್ಚಿದ ಹೊಲಿಗೆಗಳನ್ನೆಲ್ಲ ಹಾಕಿದೆ.

ಕೊನೆಯದಾಗಿ ಒಂದು ಮಾತು. ನಿನಗಿನ್ನೂ ಚಿಕ್ಕ ವಯಸ್ಸು. ಮುಂದೆ ಯಾವತ್ತಾದರೂ ನನಗೆ ಹೇಳಲು ಸಂಕೋಚವಾಗುವಂಥ ಒಳ್ಳೆಯ ಸುದ್ದಿ ಬಂದರೆ, ಮೊದಲು ನನಗೇ ಹೇಳು. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಅತ್ತೆ


ಅಕ್ಟೋಬರ್ ೧೩

ಅತ್ತೆ,

ಕಳೆದ ಭಾನುವಾರ ಆ ಪ್ರಾರ್ಥನೆಯ ಮನೆಗೆ ಹೋದೆ. ಲಾಂಚಿನ ರಜೆಯಲ್ಲ, ಬೆಳಗಿನ ಸರದಿಯಲ್ಲಿ ಆಚೆ ದಡಕ್ಕೆ ಹೋಗಿ, ವಾಪಸು ಬರುವವರೆಗೆ ಬೇರೆಯವನನ್ನು ಹಗ್ಗಕ್ಕೆ ನಿಲ್ಲಿಸಲು ಗೊಣಗಪ್ಪನನ್ನು ಕೇಳಿದೆ. “ಹೋಗು, ಅಲ್ಲಾದ್ರೂ ಬಾಯಿ ಬಿಡು” ಎಂದ. ಅವನಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು ಅನಿಸುತ್ತದೆ.

ಹತ್ತು ಹದಿನೈದು ಜನ ಇದ್ದರು. ಬಲೆ ಹೆಣೆಯುವವರು, ಮೀನು ಮಾರುವವರು, ಅವರ ಮಕ್ಕಳು. ಬಿರುಗಾಳಿಯ ಕಥೆಯನ್ನೇ ಓದಿದೆ. ಬೇರೆ ಯಾವುದನ್ನಾದರೂ ಆರಿಸಿಕೊಳ್ಳಬಹುದಿತ್ತು, ಆದರೆ ಅದನ್ನು ತಪ್ಪಿಸಿಕೊಂಡು ಇನ್ನೆಷ್ಟು ದಿನ ತಿರುಗಲಿ? ಕೂಗದೆ ಓದಿದೆ.

ಮುಂದಿನ ಬೆಂಚಿನಲ್ಲಿ ವಯಸ್ಸಾದ ಒಬ್ಬ ಹೆಂಗಸು ಕೂತಿದ್ದರು. ನಡುವೆಯೇ ಕೈಯೆತ್ತಿ, “ಅಯ್ಯನವರೇ, ಬೇರೆ ದೋಣಿಗಳೂ ಜೊತೆಗಿದ್ದವು ಅಂತ ಈಗ ಓದಿದ್ರಲ್ಲ. ಅವು ಏನಾದ್ವು?” ಎಂದರು.

ಆ ಸಾಲು ಅಲ್ಲಿದೆ, ಅತ್ತೆ. ಚಿಕ್ಕ ಸಾಲು. ನಾನು ಅದನ್ನು ನೂರು ಸಲ ಓದಿ ದಾಟಿದ್ದೇನೆ. “ಮುಂದೆ ಬರೆದಿಲ್ಲಮ್ಮ. ಆದ್ರೆ ಗಾಳಿ ನಿಂತಿದ್ದು ಇಡೀ ನೀರಿಗೆ, ಒಂದೇ ದೋಣಿಗಲ್ಲ. ಯಾರು ನಿಲ್ಲಿಸಿದ್ರು ಅಂತ ಗೊತ್ತಿಲ್ದೇನೇ ಅವರೂ ದಡ ಸೇರಿರ್ತಾರೆ” ಎಂದೆ. ಹೇಳುವಾಗ ನನಗೇ ಅದು ಹಿತವೆನಿಸಿತು.

ಅವರು ತಲೆಯಾಡಿಸಿದರು. “ನಮ್ಮನೆಯವರ ದೋಣಿ ಸೇರಲಿಲ್ಲ” ಎಂದರು.

ಮೊದಲಾಗಿದ್ದರೆ ಇಂಥ ಹೊತ್ತಿಗೆ ಹೇಳಲು ನನ್ನ ಹತ್ತಿರ ಬೇಕಾದಷ್ಟು ಮಾತುಗಳಿದ್ದವು. ನೆನಪಿಗೂ ಬಂದವು. ಒಂದನ್ನೂ ಹೇಳಲಿಲ್ಲ.

“ನನ್ನ ಹೆಂಡತಿಯದೂ ಸೇರಲಿಲ್ಲಮ್ಮ” ಎಂದೆ.

ಅವರು ನನ್ನನ್ನು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿದರು. ನಾನು ಹೋಗಿ ಅಲ್ಲಿ ಕೂತೆ. ಉಳಿದ ಆರಾಧನೆಯನ್ನು ಅಲ್ಲಿಂದಲೇ ನಡೆಸಿದೆ.

ಮುಂದಿನ ಭಾನುವಾರವೂ ಬರುತ್ತೇನೆ ಎಂದು ಹೇಳಿ ಬಂದಿದ್ದೇನೆ. ಪುಸ್ತಕಗಳನ್ನು ಕಳಿಸಿಕೊಡಿ. ಎಲ್ಲವೂ ಬೇಡ, ಒಂದು ಚೀಲದಷ್ಟು ಸಾಕು.

ನಿಮ್ಮ ಅಳಿಯ